ಕೊಳದ ಪಕ್ಕದ ಬೆಂಚು

ಬೆಂಚುಗಳಿಗೆ ಬಣ್ಣ ಬಳಿಯುವಾಗ ಪಾರ್ಕಿನ ಒಳತುದಿಯಿಂದ ಶುರು ಮಾಡಿ ಗೇಟಿನ ಕಡೆಗೆ ಬರಬೇಕು, ಬಳಿದದ್ದರ ಹತ್ತಿರ ಮತ್ತೆ ಸುಳಿಯಬಾರದು. ಕೆಲಸ ಕಲಿಸಿದವರು ಹೇಳಿಕೊಟ್ಟ ಮಾತು ಇದು. ಮೂವತ್ತೊಂದು ವರ್ಷ ಹಾಗೇ ಮಾಡಿದ್ದೇನೆ, ಒಂದು ಬೆಂಚು ಬಿಟ್ಟು. ಕೊಳದ ಪಕ್ಕದ ಬೆಂಚಿಗೆ ಪ್ರತಿ ವರ್ಷವೂ ಎರಡೆರಡು ಸಲ ಬಳಿಯಬೇಕಾಗುತ್ತಿತ್ತು.

ಬಳಿದು, ಸುತ್ತ ಹಗ್ಗ ಕಟ್ಟಿ, ಮಧ್ಯಾಹ್ನದ ಊಟ ಮುಗಿಸಿ ಬರುವಷ್ಟರಲ್ಲಿ ಅದರ ಮೇಲೆ ಯಾರೋ ಕೂತ ಗುರುತು ಬಿದ್ದಿರುತ್ತಿತ್ತು. ಸಣ್ಣ ಗುರುತು. ಎರಡು ಪುಟ್ಟ ತೊಡೆ, ಫ್ರಾಕಿನ ಅಂಚಿನ ನೆರಿಗೆ. ಹಗ್ಗದ ಗಂಟು ಕಟ್ಟಿದ ಹಾಗೇ ಇರುತ್ತಿತ್ತು. ಮಣ್ಣಿನಲ್ಲಿ ನನ್ನ ಹೆಜ್ಜೆ ಬಿಟ್ಟರೆ ಬೇರೊಂದಿಲ್ಲ. ಬೇಲಿಯಾಚೆ ಬಸ್ಸುಗಳು ಅರಚುತ್ತಿದ್ದರೂ ಅಲ್ಲಿ ನಿಂತರೆ ಕಿವಿಗೆ ಹತ್ತಿ ತುರುಕಿದ ಹಾಗೆ. ನಾನು ಮತ್ತೊಮ್ಮೆ ಬಳಿದು ಗುರುತು ಮುಚ್ಚುತ್ತಿದ್ದೆ.

ಅದು ಯಾರದೆಂದು ಮೊದಲ ವರ್ಷವೇ ಗೊತ್ತಾಗಿತ್ತು. ನನ್ನ ತಂಗಿಯದು. ಚೂಟಿ ಅನ್ನುತ್ತಿದ್ದೆವು. ಅವಳಿಗೆ ಆರು, ನನಗೆ ಹನ್ನೊಂದು. ಗೆಳೆಯರ ಮುಂದೆ ಅವಳ ಕೈ ಹಿಡಿಯಲು ನನಗೆ ನಾಚಿಕೆ. ಹಿಡಿದುಕೊಳ್ಳಲಿ ಎಂದು ಕಿರುಬೆರಳೊಂದನ್ನು ಕೊಡುತ್ತಿದ್ದೆ. ಅವತ್ತು ಆಟಕ್ಕೆ ಅಡ್ಡಿಯೆಂದು ಈ ಬೆಂಚಿನ ಮೇಲೆ ಕೂರಿಸಿ, "ನಾನು ಬಂದು ಏಳು ಅನ್ನೋವರೆಗೂ ಏಳಬೇಡ" ಅಂದೆ. ಆಟದಲ್ಲಿ ಮೈಮರೆತು ಸಂಜೆ ಬಂದಾಗ ಬೆಂಚು ಖಾಲಿ. ಕೊಳ ಜಾಲಾಡಿದರು. ಊರೆಲ್ಲ ಹುಡುಕಿದರು. ಏಟು ಬೀಳುತ್ತದೆಂಬ ಹೆದರಿಕೆಗೆ ನಾನು, "ಜೊತೇಲೇ ಇರು ಅಂದೆ, ಕೇಳ್ದೆ ಓಡಿಹೋದ್ಲು" ಅಂದುಬಿಟ್ಟೆ. ಅಮ್ಮ ಸಾಯುವವರೆಗೂ, "ಹೇಳಿದ ಮಾತು ಕೇಳಿದ್ದಿದ್ರೆ ಇರ್ತಿದ್ಲು ನನ್ನ ಮಗಳು" ಎಂದು ಬೈಯುತ್ತಲೇ ಅತ್ತಳು.

ಈ ವರ್ಷ ಮೇಸ್ತ್ರಿ ಬಂದು, "ತಾತಾ, ಕೊಳದ ಬೆಂಚಿಗೆ ಬಳೀಬೇಡಿ. ನಾಳೆ ಕಿತ್ತಾಕ್ತಾರೆ, ಕಲ್ಲಿನದು ಬರುತ್ತೆ" ಅಂದ.

ನಾನು ಡಬ್ಬ ಎತ್ತಿಕೊಂಡು ಅತ್ತಲೇ ನಡೆದೆ.

"ಅಯ್ಯೋ, ಗುಜರಿಗೆ ಹೋಗೋದಕ್ಕೆ ಮದುವೆ ಸಿಂಗಾರ ಯಾಕೆ?"

"ಇದೊಂದ್ಸಲ ಬಳೀತೀನಪ್ಪ."

"ಬಳೀರಿ, ಬಳೀರಿ. ಹೇಳಿದ ಮಾತು ಕೇಳೋ ಜಾಯಮಾನವೇ ಅಲ್ಲ ನಿಮ್ದು" ಎಂದು ನಗುತ್ತಾ ಹೋದ.

ಆ ಮಾತು ಎದೆಗೆ ನಾಟಿತು. ಹೇಳಿದ ಮಾತು ಕೇಳಿಕೊಂಡು ಅರವತ್ತು ವರ್ಷದ ಹತ್ತಿರ ಕೂತವಳು ಅಲ್ಲಿದ್ದಾಳೆ. ಬೆಂಚು ಹೋದ ಮೇಲೆ ಎಲ್ಲಿ ಕೂರುತ್ತಾಳೆ? ನಾನು ಏಳು ಅನ್ನದೆ ಏಳುವವಳಲ್ಲ. ನನಗಿದ್ದದ್ದು ಇದೊಂದೇ ದಿನ.

ಬಳಿದೆ. ಹಗ್ಗ ಕಟ್ಟಿದೆ. ಊಟಕ್ಕೆ ಹೋಗದೆ ಅಲ್ಲೇ ನಿಂತೆ. ನೆತ್ತಿ ಸುಡುವ ಬಿಸಿಲು. ನೋಡುತ್ತಿದ್ದಂತೆಯೇ ನುಣ್ಣಗಿದ್ದ ಹಸಿರು ಬಣ್ಣ ಮೆಲ್ಲಗೆ ತಗ್ಗಿತು. ಮೊದಲು ಒಂದು ತೊಡೆ, ಆಮೇಲೆ ಇನ್ನೊಂದು. ಕೊನೆಗೆ, ಫ್ರಾಕು ಸರಿಮಾಡಿಕೊಂಡಾಗ ಬೀಳುವಂಥ ಗೆರೆ.

"ಚೂಟಿ, ಸಾಕು ಕೂತಿದ್ದು. ಏಳು. ತಪ್ಪು ನಂದೇ ಕಣೇ. ಬಾ, ಮನೆಗೆ ಹೋಗೋಣ" ಅಂದೆ.

ಏನೂ ಆಗಲಿಲ್ಲ. ಒಂದು ಎಲೆಯೂ ಅಲುಗಲಿಲ್ಲ. ನಲ್ಲಿಯ ಹತ್ತಿರ ಸೀಮೆಎಣ್ಣೆ ಹಾಕಿ ಕೈ ತಿಕ್ಕಿ ತೊಳೆದೆ. ಉಗುರ ಸಂದಿಯಲ್ಲೂ ಬಣ್ಣ ಉಳಿಸುವವನಲ್ಲ ನಾನು. ತಿರುಗಿ ನೋಡದೆ ಗೇಟು ದಾಟಿ ಬಸ್ಸು ಹತ್ತಿದೆ.

ಕಂಡಕ್ಟರ್ ನನ್ನ ಮುಖ ನೋಡಿ, ಆಮೇಲೆ ನನ್ನ ಪಕ್ಕಕ್ಕೆ, ಸೊಂಟದೆತ್ತರಕ್ಕೆ ನೋಡಿ, "ಒಂದು ಫುಲ್ಲು, ಒಂದು ಹಾಫಾ ತಾತಾ?" ಅಂದ.

ಕೈ ನೋಡಿಕೊಂಡೆ. ಕಿರುಬೆರಳಿನ ಸುತ್ತ ಹಸಿರು ಬಣ್ಣ, ಇನ್ನೂ ಒಣಗಿರಲಿಲ್ಲ.

"ಹೂಂ, ಹಾಫೊಂದು ಕೊಡಪ್ಪ" ಎಂದು ಕಿಟಕಿಯ ಪಕ್ಕ ಜಾಗ ಬಿಟ್ಟು ಕೂತೆ.