ಮೇಷ್ಟ್ರ ಕೊನೆಯ ತುಣುಕು

ಒದ್ದೆ ಗಾಜಿನ ಪುಡಿ ಮತ್ತು ಬಿಸಿ ಅರಗಿನ ವಾಸನೆ. ಚಿಕ್ಕಂದಿನಲ್ಲಿ ಅಪ್ಪನ ಕನ್ನಡಕದ ಅಂಗಡಿಯಲ್ಲಿ ಹಿಡಿದ ಆ ವಾಸನೆ ಅಂದು ಬೆಳಗಿನಿಂದ ಅವಳ ಮೂಗಿನಲ್ಲೇ ಕೂತಿತ್ತು. ಮಸೂರವನ್ನು ಬೆಳಕಿಗೆ ಹಿಡಿದು ಅಪ್ಪ, "ಇನ್ನೊಂದೇ ಒಂದು ಸಲ ಉಜ್ಜೋಣ ಮಗಳೇ" ಎನ್ನುತ್ತಿದ್ದರು. ಆ ಚಾಳಿ ಮಗಳಿಗೂ ಅಂಟಿಕೊಂಡಿತ್ತು.

ಅವಳ ಕೆಲಸ ಸೂಕ್ಷ್ಮದರ್ಶಕದ ಮುಂದೆ. ಇಲಿಯ ಮಿದುಳಿನ ದಪ್ಪ ತುಣುಕಿನ ಆಳಕ್ಕೆ ಇಳಿದಷ್ಟೂ ಬೆಳಕು ಅಂಕುಡೊಂಕಾಗಿ, ಹೊಳೆಯುವ ಕೋಶಗಳು ಕಲಕಿದ ನೀರಿನ ತಳದ ಬೆಣಚುಕಲ್ಲಿನಂತೆ ಕಾಣುತ್ತವೆ. ಆ ಡೊಂಕಿಗೆ ಸರಿಯಾಗಿ ಬಾಗುವಂಥ ಒಂದು ಪುಟ್ಟ ಕನ್ನಡಿಯನ್ನು ಎದುರು ಬಗ್ಗಿಸಿದರೆ ಚಿತ್ರ ತಿಳಿಯಾಗುತ್ತದೆ. ಅದರಲ್ಲಿ ಅವಳದು ಪಳಗಿದ ಕೈ.

ಅಂದಿನ ತುಣುಕು ಅವಳಿಗೆ ಈ ಕೆಲಸ ಕಲಿಸಿದ ಮೇಷ್ಟ್ರು ಸಿದ್ಧಪಡಿಸಿದ್ದು. ಹೋದ ತಿಂಗಳು ತೀರಿಕೊಳ್ಳುವ ಮುಂಚೆ ಅವರೇ ಹೊಳೆಯುವ ಬಣ್ಣ ಹಾಕಿಟ್ಟದ್ದು, ಉಳಿದಿದ್ದ ಒಂದೇ ಒಂದು. ಆಳದ ಎರಡು ಕೋಶಗಳ ನಡುವೆ ತೆಳ್ಳನೆಯ ಎಳೆಯಿದೆ ಎಂದು ಅವರು ಹೇಳುತ್ತಲೇ ಬಂದಿದ್ದರು. ಅವರ ಮಸುಕು ಚಿತ್ರಗಳನ್ನು ನೋಡಿ ಯಾರೂ ನಂಬಿರಲಿಲ್ಲ.

ಮೇಷ್ಟ್ರ ಹೆಂಡತಿ ತೊಡೆಯ ಮೇಲೆ ಚೀಲವಿಟ್ಟುಕೊಂಡು ಪಕ್ಕದಲ್ಲೇ ಕೂತಿದ್ದರು.

"ಹನ್ನೆರಡು ವರ್ಷ ಊಟಕ್ಕೆ ಕೂತಾಗೆಲ್ಲ ಅದರದ್ದೇ ಮಾತು ಕಣೇ. ನನ್ನ ಸವತಿ ಅದು. ಒಂದು ಸಲ ಮುಖ ನೋಡಿಬಿಡ್ತೀನಿ."

"ತೋರಿಸ್ತೀನಿ ಅಮ್ಮ, ಒಂಚೂರು ತಡೀರಿ."

ಬೆಳಕು ಹಾಯಿಸಿ ನೋಡಿದಷ್ಟೂ ಕೋಶದ ಹೊಳಪು ಕರಗುತ್ತದೆ, ಮತ್ತೆ ಬರುವುದಿಲ್ಲ. ಅದಕ್ಕೇ ಕೋಶದ ಹತ್ತಿರ ಹೊಳೆಯುವ ಸಣ್ಣ ಮಣಿಯೊಂದನ್ನು ಹುದುಗಿಸಿ, ಅದನ್ನು ನೋಡುತ್ತ ಕನ್ನಡಿಯನ್ನು ತಿದ್ದಿಕೊಂಡು, ಆಮೇಲಷ್ಟೇ ಕೋಶದತ್ತ ತಿರುಗುವುದು ಮೇಷ್ಟ್ರು ಕಲಿಸಿದ ಕ್ರಮ. ಅವಳು ಹಾಗೇ ಮಾಡಿದಳು. ಪರದೆಯ ಮೇಲೆ ಎರಡು ಕೋಶಗಳು ಮೂಡಿದವು. ನಡುವೆ, ಅಲ್ಲೇ, ಎಳೆ!

ಅದರ ಅಂಚು ಇನ್ನೂ ಕೊಂಚ ಕದಡಿತ್ತು. ಮುದುಕಿಯ ಕಣ್ಣಿಗೆ ಇದು ಕಾಣದು ಎನ್ನಿಸಿತು. ಚಿತ್ರ ಉಳಿಸುವ ಗುಂಡಿಯ ಮೇಲೆ ಬೆರಳಿಟ್ಟವಳು ಒತ್ತಲಿಲ್ಲ. ಮಣಿ ಸ್ವಲ್ಪ ದೂರವಾಯಿತು, ಕೋಶವನ್ನೇ ನೋಡುತ್ತ ಇನ್ನೊಂದು ಸಲ ತಿದ್ದಿಬಿಡೋಣ ಎಂದುಕೊಂಡಳು. ತಿದ್ದಿದಳು. ಅಂಚು ತೀಡಿದಂತಾಯಿತು. ಇನ್ನೊಂದೇ ಒಂದು ಸಲ.

ಕನ್ನಡಿ ಸರಿಯಾಗಿ ಬಗ್ಗಿತು. ಪರದೆ ಕಪ್ಪಗಾಯಿತು.

ಅವಳು ಬೆಳಕು ಏರಿಸಿದಳು, ಇಳಿಸಿದಳು, ಮತ್ತೆ ಏರಿಸಿದಳು. ಹೊಳಪು ಪೂರಾ ಆರಿಹೋಗಿತ್ತು.

"ಏನಾಯ್ತೇ?"

"ಹಾಳು ಮಾಡಿಬಿಟ್ಟೆ ಅಮ್ಮ. ಚೆನ್ನಾಗಿ ಕಾಣ್ಲಿ ಅಂತ ಹೋಗಿ... ಉಳಿಸ್ಕೊಳ್ಳಲೂ ಇಲ್ಲ."

ಅವರು ಕಪ್ಪು ಪರದೆಯನ್ನೇ ನೋಡುತ್ತ ಕೂತರು.

"ನೀನು ಕಂಡೆಯಾ?"

"ಕಂಡೆ. ಇತ್ತು ಅಮ್ಮ. ಅವರು ಹೇಳಿದ ಜಾಗದಲ್ಲೇ. ಆದ್ರೆ ಯಾರೂ ನಂಬಲ್ಲ."

"ಅವರ ಮಾತೂ ಯಾರು ನಂಬಿದ್ರು?" ಸೆರಗಿನಿಂದ ಕನ್ನಡಕ ಒರೆಸಿ ಮತ್ತೆ ಹಾಕಿಕೊಂಡರು. "ಬೆಳಗ್ಗೆಯಿಂದ ಏನಾದ್ರೂ ತಿಂದಿದ್ದೀಯಾ?"

ಅವಳು ಇಲ್ಲವೆಂದು ತಲೆಯಾಡಿಸಿದಳು.

ಅವರು ಚೀಲಕ್ಕೆ ಕೈಹಾಕಿದರು. ಒಳಗೆ ಎರಡು ಊಟದ ಡಬ್ಬಿಗಳಿದ್ದವು, ಗಂಡನಿಗೂ ಸೇರಿಸಿ ಕಟ್ಟುವ ಅಭ್ಯಾಸ ಕೈಯಿಂದ ಇನ್ನೂ ಹೋಗಿರಲಿಲ್ಲ. ಮುಚ್ಚಳ ನೆಗ್ಗಿದ್ದ ದೊಡ್ಡ ಡಬ್ಬಿಯನ್ನು ತೆಗೆದು ಅವಳ ಕೈಗಿಟ್ಟರು.