ಸದ್ಯಕ್ಕೆ ಏಣಿ ಬೇಡ, ವಂದನೆಗಳು

೧

ಈ ಕಥೆಯನ್ನು ಎಲ್ಲಿಂದ ಶುರುಮಾಡಬೇಕೋ ನನಗೆ ಗೊತ್ತಾಗುತ್ತಿಲ್ಲ. ಫ್ಯಾಕ್ಸ್ ಯಂತ್ರದ ಸದ್ದಿನಿಂದ ಶುರುಮಾಡೋಣ ಎಂದುಕೊಂಡು "ಕೀಂಯ್ ಕರ್ರ್" ಎಂದು ಬರೆದು ನೋಡಿದೆ. ಓದಿದರೆ ಯಾವುದೋ ಬಾಗಿಲಿಗೆ ಎಣ್ಣೆ ಬಿಡಬೇಕು ಅನ್ನಿಸಿತು, ಅಷ್ಟೆ. ಹೊಡೆದುಹಾಕಿದೆ.

೧ (ಮತ್ತೆ)

"ಆ ದಿನ ಬೆಳಿಗ್ಗೆ ಆಕಾಶ ತಿಳಿಯಾಗಿತ್ತು." ಇದೂ ಬೇಡ. ನಮ್ಮ ಕಥೆ ನಡೆಯುವ ಕೋಣೆಯಲ್ಲಿ ಕೂತರೆ ಆಕಾಶ ಕಾಣುವುದೇ ಇಲ್ಲ. ಎದುರು ಕಟ್ಟಡದ ನೀರಿನ ಪೈಪು ಕಾಣುತ್ತದೆ.

೨

ನೇರವಾಗಿ ಹೇಳಿಬಿಡುತ್ತೇನೆ. ಒಂದು ಹಲ್ಲಿನ ಲ್ಯಾಬ್ ಇದೆ. ಹೆದರಬೇಡಿ, ಹಲ್ಲು ಕೀಳುವ ಜಾಗವಲ್ಲ, ಹಲ್ಲು ಮಾಡುವ ಜಾಗ. ಬೇರೆ ಬೇರೆ ಊರಿನ ದಂತವೈದ್ಯರು ಪೇಷಂಟುಗಳ ಬಾಯಿಯ ಅಚ್ಚು ತೆಗೆದು ಪಾರ್ಸೆಲ್ ಮಾಡುತ್ತಾರೆ. ಇಲ್ಲಿ ಅದಕ್ಕೆ ಹೊಂದುವ ಹಲ್ಲಿನ ಸೆಟ್ ಮಾಡಿ ವಾಪಸು ಕಳಿಸುತ್ತಾರೆ. ಒಳಕೋಣೆಯಲ್ಲಿ ಕರಗಿದ ಮೇಣದ ವಾಸನೆ, ಪ್ಲಾಸ್ಟರಿನ ಪುಡಿ, ಗೋಡೆಯುದ್ದಕ್ಕೂ ಬಾಯಿ ಬಿಟ್ಟುಕೊಂಡು ಕೂತ ಅಚ್ಚುಗಳು. ಹೊರಕೋಣೆಯಲ್ಲಿ ಒಂದು ಮೇಜು, ಒಂದು ಫ್ಯಾಕ್ಸ್ ಯಂತ್ರ ಮತ್ತು ಚಿಕ್ಕಮ್ಮ.

ಚಿಕ್ಕಮ್ಮ ಎಂದರೆ ಲ್ಯಾಬಿನ ಯಜಮಾನನಿಗೆ ತಾಯಿಯ ತಂಗಿ. ಅವನು ಚಿಕ್ಕಮ್ಮ ಎಂದು ಕರೆಯುವುದನ್ನು ಕೇಳಿ ಕೆಲಸದವರೂ ಕರೆದರು, ಪಾರ್ಸೆಲ್ ತರುವವರೂ ಕರೆದರು. ಈಗ ಚಿಕ್ಕಮ್ಮನಿಗಿಂತ ಹಿರಿಯರಾದ ಡಾಕ್ಟರುಗಳು ಕೂಡ ಆರ್ಡರಿನ ಮೇಲೆ "ಚಿಕ್ಕಮ್ಮನವರಿಗೆ" ಎಂದೇ ಬರೆಯುತ್ತಾರೆ. ನಾನೂ ಹಾಗೇ ಬರೆಯುತ್ತೇನೆ. ಅವರಿಗೊಂದು ಹೆಸರಿಡಲು ಹೋಗಿದ್ದೆ. "ಇಷ್ಟು ವರ್ಷ ಆದ್ಮೇಲೆ ಹೊಸ ಹೆಸರು ಯಾಕಕ್ಕ, ಯಾರಾದ್ರೂ ಕರೆದ್ರೆ ನಾನು ತಿರುಗಿ ನೋಡಬೇಕಲ್ಲ" ಅಂದರು. ಬಿಟ್ಟೆ.

೩

ತೊಂದರೆ ಏನೆಂದರೆ, ಬೆಳಿಗ್ಗೆ ಬೀಗ ತೆಗೆದು ಒಳಗೆ ಬಂದರೆ ಯಂತ್ರದಿಂದ ಇಳಿದ ಕಾಗದ ನೆಲ ಮುಟ್ಟಿರುತ್ತದೆ. ಮಡಚುವ ಏಣಿಗಳು. ಕಾರ್ಪೆಟ್ ತೊಳೆದುಕೊಡುತ್ತೇವೆ. ಹಡಗಿನಲ್ಲಿ ವಿಹಾರ, ದಂಪತಿಗಳಿಗೆ ರಿಯಾಯಿತಿ. ಇವರ ಜಾಹೀರಾತೆಲ್ಲ ಅಚ್ಚಾಗುವುದು ಲ್ಯಾಬಿನ ಕಾಗದದ ಮೇಲೆ. ಸುರುಳಿ ಮುಗಿದರೆ ಯಂತ್ರ ಸುಮ್ಮನೆ ಕೂತುಬಿಡುತ್ತದೆ, ಆಮೇಲೆ ಬರುವ ನಿಜವಾದ ಆರ್ಡರು ಗಾಳಿಗೆ ಹೋಗುತ್ತದೆ.

ಬೇರೆ ಯಾರಾದರೂ ಆಗಿದ್ದರೆ ಹರಿದು ಬುಟ್ಟಿಗೆ ಹಾಕುತ್ತಿದ್ದರು. ಚಿಕ್ಕಮ್ಮ ಉತ್ತರ ಬರೆದರು.

"ಮಾನ್ಯರೇ, ಏಣಿಯ ಚಿತ್ರ ತಲುಪಿತು. ಗಟ್ಟಿಯಾಗಿರುವಂತೆ ಕಾಣುತ್ತದೆ. ನಮ್ಮಲ್ಲಿ ಅಟ್ಟವಿಲ್ಲ. ಸದ್ಯಕ್ಕೆ ಏಣಿ ಬೇಡ, ವಂದನೆಗಳು."

ಹಡಗಿನವರಿಗೆ: "ನೀರಿನ ಮೇಲೆ ನನಗೆ ತಲೆ ಸುತ್ತುತ್ತದೆ. ದಂಪತಿಗಳಲ್ಲಿ ಒಬ್ಬರು ಈಗಿಲ್ಲ. ಆದರೂ ಕರೆದಿರಲ್ಲ, ಸಂತೋಷ."

ಚಿಕ್ಕಮ್ಮ ಯಾವ ಮನೆಯಲ್ಲಿ ಬೆಳೆದವರೋ ನಾನು ಹೇಳಿಲ್ಲ. ಅಲ್ಲಿ ಬಂದ ಕಾಗದಕ್ಕೆ ಉತ್ತರ ಬರೆಯದೆ ಇರುವುದೆಂದರೆ ಬಾಗಿಲಿಗೆ ಬಂದವರನ್ನು ನೋಡಿಯೂ ನೋಡದ ಹಾಗೆ ಒಳಗೆ ಹೋದಂತೆ. ಅವರು ಬರೆದಷ್ಟೂ ಜಾಹೀರಾತು ಹೆಚ್ಚಾಯಿತು. ಹೆಚ್ಚಾದಷ್ಟೂ ಅವರು ಬರೆದರು.

೫

(೪ ಇತ್ತು. ಅದರಲ್ಲಿ ಏಣಿ ಕಂಪನಿಯ ಮ್ಯಾನೇಜರ್ ಚಿಕ್ಕಮ್ಮನ ಅಕ್ಷರಕ್ಕೆ ಮನಸೋತು ಒಂದು ಸಂಜೆ ಹೂವು ಹಿಡಿದುಕೊಂಡು ಬರುತ್ತಿದ್ದ. ಚಿಕ್ಕಮ್ಮ ಓದಿ ವಾಪಸು ಕೊಟ್ಟರು.

"ಇದು ಬೇಡಕ್ಕ."

"ಯಾಕೆ? ಓದುವವರಿಗೆ ಖುಷಿಯಾಗುತ್ತೆ."

"ಅವರ ಖುಷಿಗೆ ನಾನು ಮದುವೆ ಆಗಬೇಕಾ? ಮೊಣಕಾಲು ಬೇರೆ ನೋಯ್ತಾ ಇದೆ."

ಕಥೆಗಾರ್ತಿಗೆ ಪಾತ್ರಗಳ ಮೇಲೆ ಹಿಡಿತ ಇರಬೇಕು ಎನ್ನುತ್ತಾರೆ. ಯಾರು ಎನ್ನುತ್ತಾರೋ ಅವರನ್ನೊಮ್ಮೆ ಈ ಲ್ಯಾಬಿಗೆ ಕಳಿಸಬೇಕು.)

೬

ಈಗ ಹಲ್ಲು ಹಾಳಾದ ಪ್ರಸಂಗ.

ಬಹಳ ದೂರದ ಒಂದು ಸಣ್ಣ ಊರಿನಲ್ಲಿ ಒಬ್ಬ ವಯಸ್ಸಾದ ಡಾಕ್ಟರು. ಅವರಿಗೆ ಕಿವಿ ಕೇಳುವುದಿಲ್ಲ, ಹಾಗಾಗಿ ಫೋನಿನಲ್ಲಿ ಮಾತಾಡುವಂತಿಲ್ಲ. ಮೊಬೈಲು ಅವರ ಕೈಗೆ ಒಗ್ಗಲಿಲ್ಲ. ಬೆರಳು ತಾಗಿದರೆ ಬೇರೆ ಏನೋ ತೆರೆದುಕೊಳ್ಳುತ್ತದಂತೆ. ಅಚ್ಚನ್ನು ಪಾರ್ಸೆಲ್ ಮಾಡಿದ ಮೇಲೆಯೇ ಅವರಿಗೆ ಮುಖ್ಯವಾದದ್ದೆಲ್ಲ ನೆನಪಾಗುವುದು. ಆಗ ಒಂದೊಂದು ಹಲ್ಲನ್ನೂ ಪೆನ್ಸಿಲಿನಲ್ಲಿ ಬಿಡಿಸಿ, ಎಷ್ಟು ಬಿಳಿ ಎಂಬ ಬಣ್ಣದ ನಂಬರು ಬರೆದು ಫ್ಯಾಕ್ಸ್ ಮಾಡುತ್ತಾರೆ. ಕೆಳಗೆ ಒಂದು ಸಾಲು ಕಿಟಕಿಯ ಸಮಾಚಾರ: "ಇಲ್ಲಿ ಜೋರು ಗಾಳಿ. ಎದುರು ಮನೆಯವರ ದಿಂಬಿನ ಕವರು ನಮ್ಮ ಗೇಟಿಗೆ ಬಂದು ಕೂತಿದೆ."

ಚಿಕ್ಕಮ್ಮ ಬರೆಯುತ್ತಾರೆ: "ಇಲ್ಲಿ ಸೆಕೆ. ನಿಮ್ಮ ಪೇಷಂಟಿನ ಕೆಳಗಿನ ಸೆಟ್ ನಾಳೆ ಹೊರಡುತ್ತದೆ. ದಿಂಬಿನ ಕವರು ಏನಾಯಿತು?"

ಇಷ್ಟೇ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಲ್ಲ. ನಾನು ಇದಕ್ಕೊಂದು ಹೆಸರು ಕೊಡಲು ಬಾಯಿ ತೆರೆದೆ. ಚಿಕ್ಕಮ್ಮ ನನ್ನನ್ನು ಒಮ್ಮೆ ನೋಡಿದರು. ಬಾಯಿ ಮುಚ್ಚಿಕೊಂಡೆ.

ಹೋದ ವಾರ ಅವರ ಆರ್ಡರಿನ ಮೊದಲ ಪುಟ ಬಂತು, ಅದರ ಹಿಂದೆಯೇ ಏಣಿಯವರ ಉದ್ದನೆಯ ಕ್ಯಾಟಲಾಗ್ ನುಗ್ಗಿತು, ಸುರುಳಿ ಮುಗಿಯಿತು. ಬಣ್ಣದ ನಂಬರಿದ್ದ ಪುಟ ಬರಲೇ ಇಲ್ಲ. ಒಳಗಿನವರು ಅಂದಾಜಿನ ಮೇಲೆ ಮಾಡಿದರು. ಎಪ್ಪತ್ತು ದಾಟಿದವರೊಬ್ಬರ ಬಾಯಿಗೆ ಟ್ಯೂಬ್‌ಲೈಟಿನಂಥ ಬಿಳಿ ಹಲ್ಲು ಹೋಗಿ ಕೂತಿತು. ಡಾಕ್ಟರು ಬರೆದರು: "ಅಳತೆ ಸರಿಯಾಗಿದೆ. ಆದರೆ ಮದುವೆ ಮನೆಗಳಲ್ಲಿ ನಗಬೇಡಿ ಎಂದು ಅವರ ಹೆಂಡತಿ ಹೇಳಿದ್ದಾರೆ. ಹೊಸದು ಮಾಡಿಕೊಡಿ."

ಯಜಮಾನ ಆ ಕಾಗದ ಹಿಡಿದುಕೊಂಡು ಹೊರಗೆ ಬಂದ.

"ಚಿಕ್ಕಮ್ಮ, ಸಾಕು. ಶನಿವಾರದ ಹೊತ್ತಿಗೆ ಈ ಜಾಹೀರಾತು ನಿಲ್ಲದಿದ್ದರೆ ಯಂತ್ರ ತೆಗೆದು ಗುಜರಿಗೆ ಹಾಕ್ತೀನಿ. ಎಲ್ಲರೂ ಮೊಬೈಲಲ್ಲಿ ಫೋಟೋ ಕಳಿಸ್ತಾರೆ ಈಗ."

"ಕಿವಿ ಕೇಳದ ಡಾಕ್ಟರು?"

"ಅವರೊಬ್ಬರಿಗಾಗಿ ಲೈನು ಇಟ್ಕೊಳ್ಳೋಕಾಗುತ್ತಾ? ಅವರೂ ಬೇರೆ ಲ್ಯಾಬ್ ನೋಡ್ಕೋತಾರೆ ಬಿಡಿ."

ಚಿಕ್ಕಮ್ಮ "ಹೂಂ ಕಣೋ" ಎಂದರು. ದಿಂಬಿನ ಕವರಿನ ಕಥೆ ಅಕ್ಕನ ಮಗನ ಹತ್ತಿರ ಹೇಳುವಂಥದ್ದಲ್ಲ. ಅವನು ಒಳಗೆ ಹೋಗುವಾಗ ಅವರ ನೀರಿನ ಬಾಟಲಿ ಖಾಲಿಯಿದ್ದದ್ದು ನೋಡಿ, ಮುಖ ಗಂಟು ಹಾಕಿಕೊಂಡೇ ತುಂಬಿ ತಂದಿಟ್ಟ. (ಇದನ್ನು ನಾನು ಬರೆದದ್ದಲ್ಲ. ಅವನಾಗಿಯೇ ಮಾಡಿದ.)

೭

ಮರುದಿನ ಚಿಕ್ಕಮ್ಮ ಬಂದ ಜಾಹೀರಾತುಗಳನ್ನು ಮೇಜಿನ ಮೇಲೆ ಸಾಲಾಗಿ ಹರಡಿದರು. ಯಾರಿಗೆ ಹೇಳಿದರೆ ನಿಲ್ಲುತ್ತದೆ ಎಂದು ನೋಡಬೇಕಿತ್ತು. ಏಣಿ, ಕಾರ್ಪೆಟ್, ಹಡಗು. ಕಂಪನಿಗಳು ಬೇರೆ ಬೇರೆ. ಆದರೆ ಎಲ್ಲ ಪುಟದಲ್ಲೂ ಎಡಗಡೆ ಒಂದೇ ಜಾಗದಲ್ಲಿ ಮೇಲಿನಿಂದ ಕೆಳಗೆ ಒಂದು ಕಪ್ಪು ಗೀರು. ಅಂದರೆ ಇವೆಲ್ಲ ಒಂದೇ ಯಂತ್ರದಿಂದ ಬರುತ್ತಿವೆ. ಎಲ್ಲರ ಪರವಾಗಿ ಯಾರೋ ಒಬ್ಬರು ಕೂತು ಕಳಿಸುತ್ತಿದ್ದಾರೆ.

ಇಲ್ಲಿ ನಾನು ಒಂದು ಕೋಪದ ಪತ್ರ ತಯಾರು ಮಾಡಿ ಇಟ್ಟಿದ್ದೆ. ಕಾನೂನಿನ ಮಾತೆಲ್ಲ ಇತ್ತು. ಚಿಕ್ಕಮ್ಮ ಅದನ್ನು ಪಕ್ಕಕ್ಕೆ ಸರಿಸಿ ಬರೆದರು:

"ನಿಮ್ಮ ಯಂತ್ರದ ಗಾಜಿನ ಮೇಲೆ ಏನೋ ಅಂಟಿಕೊಂಡಿದೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಹೋಗುತ್ತದೆ."

"ಚಿಕ್ಕಮ್ಮ, ಜಾಹೀರಾತು ನಿಲ್ಲಿಸಿ ಅಂತ ಬರೀಬೇಕಾಗಿತ್ತು" ಎಂದೆ.

"ಮೊದಲು ಇದು. ಕಣ್ಣಿಗೆ ಕಾಣ್ತಾ ಇದೆಯಲ್ಲ."

ಮಧ್ಯಾಹ್ನ ಮತ್ತೆ ಏಣಿ ಬಂತು. ಗೀರು ಇರಲಿಲ್ಲ. ಕೆಳಗೆ ಪೆನ್ನಿನಲ್ಲಿ, ಅವಸರದ ಅಕ್ಷರದಲ್ಲಿ: "ಥ್ಯಾಂಕ್ಸ್. ಗಮ್ ಬಿದ್ದಿತ್ತು. ಯಾರೂ ಹೇಳಿರಲಿಲ್ಲ."

೮

ಆ ಕಡೆ ಮನುಷ್ಯರಿದ್ದಾರೆ ಎಂದಾಯಿತು. ಗಂಡೋ ಹೆಣ್ಣೋ ಗೊತ್ತಿಲ್ಲ. ಚಿಕ್ಕಮ್ಮ "ಗಾಜಿನವರು" ಎಂದು ಕರೆದರು. ಈಗ ವಿಷಯ ಬಿಚ್ಚಿ ಬರೆದರು: ಶನಿವಾರ, ಗುಜರಿ, ಕಿವಿ ಕೇಳದ ಡಾಕ್ಟರು, ಬಿಳಿ ಹಲ್ಲು. ಕಾರ್ಪೆಟ್ ಜಾಹೀರಾತಿನ ಅಡಿಯಲ್ಲಿ ಉತ್ತರ ಬಂತು.

"ಪಾಪ. ಆದರೆ ಉತ್ತರ ಬಂದ ನಂಬರಿಗೆ ನಮ್ಮಲ್ಲಿ ಸ್ಟಾರ್ ಹಾಕುತ್ತಾರೆ, ಸ್ಟಾರ್ ಇದ್ದವರಿಗೆ ಎಲ್ಲವನ್ನೂ ಕಳಿಸಬೇಕು. ನಿಮ್ಮ ಹೆಸರಿನ ಮುಂದೆ ಸ್ಟಾರ್ ಹಾಕಲು ಜಾಗವೇ ಉಳಿದಿಲ್ಲ."

ಚಿಕ್ಕಮ್ಮ ಅದನ್ನು ಓದಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಯಜಮಾನ ಹಿಂದೆ ನಿಂತು ಓದುತ್ತಿದ್ದ.

"ಅಂದ್ರೆ ಇಷ್ಟಕ್ಕೂ ಕಾರಣ ನೀವು?"

"ಹಾಗಂತ ಕಾಣುತ್ತೆ."

"ಏನಂತ ಉತ್ತರ ಬರೆದ್ರಿ?"

"ಬೇಡ ಅಂತ."

"ಎಷ್ಟು ಮರ್ಯಾದೆಯಿಂದ ಬೇಡ ಅಂದಿರಿ ಅಂದ್ರೆ ಅವರಿಗೆ ಬೇಕು ಅಂತ ಕೇಳಿಸಿದೆ" ಎಂದು ಅವನು ಸ್ಟೂಲಿನ ಮೇಲೆ ಕೂತು ನಗಲು ಶುರುಮಾಡಿದ. ಒಳಗಿನವರು ಏನಾಯಿತೆಂದು ಮೇಣದ ಕೈಯಲ್ಲೇ ಹೊರಗೆ ಬಂದರು. ಅವರೂ ನಕ್ಕರು. ಚಿಕ್ಕಮ್ಮ ನಗಲಿಲ್ಲ, ಆದರೆ ಅವರ ಭುಜ ಅಲುಗಾಡಿತು.

ನಗು ಮುಗಿದ ಮೇಲೆ ಅವನು ಎದ್ದು ಹೇಳಿದ: "ಆದ್ರೂ ಶನಿವಾರ ಅಂದ್ರೆ ಶನಿವಾರ."

೯

ಗಾಜಿನವರ ಇನ್ನೊಂದು ಸಾಲು ಸಂಜೆ ಬಂತು: "ಪಟ್ಟಿಯಿಂದ ನಂಬರು ತೆಗೆಯಲು ನನಗೆ ಅಧಿಕಾರವಿಲ್ಲ. ಒಂದರ ಬದಲು ಇನ್ನೊಂದು ಹಾಕಬಹುದು. ಆದರೆ ಅದು ಗಂಟೆ ಹೊಡೆಯುವ ನಂಬರೇ ಆಗಬೇಕು, ಸತ್ತ ನಂಬರನ್ನು ಯಂತ್ರ ವಾಪಸು ಉಗುಳುತ್ತದೆ. ಯಾರದಾದರೂ ಕೊಡಿ."

ಓದುಗರೇ, ಇಲ್ಲಿ ಕಥೆ ಗಂಟಲಿನಲ್ಲಿ ಸಿಕ್ಕಿಕೊಂಡಿತು. ಡಾಕ್ಟರ ಕಾಗದ ಬರುತ್ತಲೇ ಇರಬೇಕಾದರೆ ಚಿಕ್ಕಮ್ಮ ತಮ್ಮ ಕಾಟವನ್ನು ಇನ್ನೊಬ್ಬರ ಮನೆಗೆ ಕಳಿಸಬೇಕು. ಅದನ್ನವರು ಜನ್ಮದಲ್ಲಿ ಮಾಡಿದವರಲ್ಲ. ಬಸ್ಸಿನಲ್ಲಿ ತಮ್ಮ ಚೀಲ ಪಕ್ಕದವರಿಗೆ ತಾಗಿದರೂ ಕ್ಷಮಿಸಿ ಎನ್ನುವವರು.

ನಾನು ಕೆಲವು ಮುಕ್ತಾಯಗಳನ್ನು ತಟ್ಟೆಯಲ್ಲಿಟ್ಟು ಮುಂದೆ ಹಿಡಿದೆ.

ಅ) ಯಜಮಾನ ಹೇಳಿದಂತೆ, ಎದುರು ಬೀದಿಯ ಇನ್ನೊಂದು ಲ್ಯಾಬಿನ ನಂಬರು ಕೊಡುವುದು. ("ಅವರೂ ಸ್ವಲ್ಪ ಏಣಿ ಹತ್ತಲಿ ಚಿಕ್ಕಮ್ಮ.") ಚಿಕ್ಕಮ್ಮ: "ಅಲ್ಲಿ ಕೂತಿರೋಳೂ ಯಾರದೋ ಚಿಕ್ಕಮ್ಮ ಕಣೋ." ಬಿತ್ತು.

ಆ) ಏಣಿ ಕಂಪನಿಯದೇ ನಂಬರು ಕೊಟ್ಟು ಅವರ ಏಣಿ ಅವರಿಗೇ ತಲುಪುವಂತೆ ಮಾಡುವುದು. ನನಗೆ ಬಹಳ ಹಿಡಿಸಿತ್ತು. ಗಾಜಿನವರು ಸಿಕ್ಕಿಬೀಳುತ್ತಾರೆ ಎಂದು ಚಿಕ್ಕಮ್ಮ ತಲೆಯಾಡಿಸಿದರು.

ಇ) ಚಿಕ್ಕಮ್ಮ ಯಂತ್ರವನ್ನು ಮಡಿಲಲ್ಲಿಟ್ಟುಕೊಂಡು ಬಸ್ಸು ಹತ್ತಿ, ಕಿವಿ ಕೇಳದ ಡಾಕ್ಟರ ಗೇಟಿನ ಮುಂದೆ ಇಳಿಯುವುದು. ಗಾಳಿ ಬೀಸುತ್ತಿರುತ್ತದೆ, ಡಾಕ್ಟರು ಬಾಗಿಲು ತೆರೆಯುತ್ತಾರೆ,

"ಅಕ್ಕ."

"ಏನು?"

"ಬೇಡ ಅಂದಿದ್ದೆನಲ್ಲ."

"ಒಂದು ಸಲ ಮುಖ ನೋಡಿದರೆ ಏನಾಗುತ್ತೆ?"

"ಏನೂ ಆಗಲ್ಲ. ಆದರೆ ಆಮೇಲೆ ಗಾಳಿ ಇದೆ ಅಂತ ಬರೆಯೋಕಾಗುತ್ತಾ? ಇಬ್ಬರಿಗೂ ಕಾಣ್ತಾ ಇರುತ್ತೆ."

ಮೂರನೆಯದನ್ನೂ ಹೊಡೆದುಹಾಕಿದೆ, ಸ್ವಲ್ಪ ನಿಧಾನವಾಗಿ.

೧೦

ಶನಿವಾರ ಬೆಳಿಗ್ಗೆ ಬೀಗ ತೆಗೆದಾಗ ಯಂತ್ರದ ಕೆಳಗೆ ನೆಲ ಕಾಣುತ್ತಿತ್ತು. ಯಜಮಾನ ಬಗ್ಗಿ ನೋಡಿದ, ವೈರು ಸರಿಯಾಗಿದೆಯೇ ಎಂದು ಎಳೆದು ನೋಡಿದ. ಮಧ್ಯಾಹ್ನದವರೆಗೂ ಏಣಿ ಬರಲಿಲ್ಲ, ಹಡಗು ಬರಲಿಲ್ಲ. ಆಮೇಲೆ ಒಂದೇ ಒಂದು ಪುಟ ಬಂತು. ಪೆನ್ಸಿಲಿನಲ್ಲಿ ಬಿಡಿಸಿದ ಮೇಲಿನ ಆರು ಹಲ್ಲು, ಬಣ್ಣದ ನಂಬರು, ಕೆಳಗೆ: "ಇಲ್ಲಿ ಈಗಷ್ಟೇ ಮೋಡ. ಅಲ್ಲಿ?"

ಯಜಮಾನ ಅದನ್ನು ಎತ್ತಿಕೊಂಡು ಕೊನೆಯ ಸಾಲು ಓದಿದ. ಮತ್ತೊಮ್ಮೆ ಓದಿದ. ಚಿಕ್ಕಮ್ಮನ ಕೈಗೆ ಕೊಟ್ಟ. ಒಳಗಿನಿಂದ ಒಂದು ಹೊಸ ಸುರುಳಿ ತಂದು ಯಂತ್ರದ ಪಕ್ಕದಲ್ಲಿಟ್ಟ.

"ಯಾರ ನಂಬರು ಕೊಟ್ರಿ ಚಿಕ್ಕಮ್ಮ?"

"ತೊಂದರೆ ಆಗದೇ ಇರೋರದು."

ನನಗೂ ಇಷ್ಟೇ ಹೇಳಿದರು. ಯಾರದು ಎಂದು ಕಥೆ ಬರೆಯುವವಳಿಗೇ ಗೊತ್ತಿಲ್ಲ ಎಂದರೆ ನೀವು ನಗುತ್ತೀರಿ. ನಗಿ, ಪರವಾಗಿಲ್ಲ. ಇಲ್ಲಿಗೆ ಮುಗಿಸಬಹುದೇನೋ ಎಂದು ಪೆನ್ನು ಕೆಳಗಿಟ್ಟೆ.

೧೧

ಆಗ ನನ್ನ ಮನೆಯ ಫೋನು ಹೊಡೆದುಕೊಂಡಿತು. ಎತ್ತಿ ಹಲೋ ಅಂದೆ. ಆ ಕಡೆಯಿಂದ ಯಂತ್ರದ ಸೀಟಿ. ಉದ್ದನೆಯ, ತೆಳ್ಳನೆಯ, ಉತ್ತರಕ್ಕೆ ಕಾಯುವಂಥ ಸೀಟಿ.

"ಚಿಕ್ಕಮ್ಮ," ಎಂದೆ, "ನಮ್ಮ ಮನೇಲಿ ಫ್ಯಾಕ್ಸ್ ಯಂತ್ರ ಇಲ್ಲ."

"ಅದಕ್ಕೇ ಕೊಟ್ಟಿದ್ದಕ್ಕ. ಯಾರ ಕಾಗದವೂ ಖರ್ಚಾಗಲ್ಲ. ಸೀಟಿ ಅಷ್ಟೇ. ಕೇಳಿ ಇಟ್ಟುಬಿಡಿ."

"ನನ್ನನ್ನ ಒಂದು ಮಾತು ಕೇಳಬಹುದಿತ್ತು."

"ನನ್ನ ಮದುವೆ ಮಾಡೋಕೆ ಹೊರಟಾಗ ನೀವು ಕೇಳಿದ್ರಾ?"

(ಪಾತ್ರದ ಮೇಲೆ ಹಿಡಿತದ ಬಗ್ಗೆ ಮೇಲೆ ಏನೋ ಬರೆದಿದ್ದೇನೆ. ದಯವಿಟ್ಟು ಅದನ್ನು ಓದಿಲ್ಲವೆಂದುಕೊಳ್ಳಿ.)

ಈಗ ಗಾಜಿನವರ ಕೆಲಸ ಉಳಿಯಿತೇ, ಬಣ್ಣ ಸರಿಮಾಡಿದ ಹಲ್ಲು ಹಾಕಿಕೊಂಡು ಆ ಹಿರಿಯರು ಮದುವೆ ಮನೆಯಲ್ಲಿ ನಕ್ಕರೇ, ಅಲ್ಲಿ ಮೋಡ ಆದದ್ದಕ್ಕೆ ಚಿಕ್ಕಮ್ಮ ಇಲ್ಲಿಂದ ಏನು ಬರೆದರು, ಇದನ್ನೆಲ್ಲ ಹೇಳಿ ಗಂಟು ಹಾಕಬೇಕಾದದ್ದು ನನ್ನ ಕೆಲಸವೇ. ಆದರೆ ಕೂತರೆ ಸಾಕು ಫೋನು ಕರೆಯುತ್ತದೆ. ಒಂದು ವಾಕ್ಯ, ಒಂದು ಸೀಟಿ. ಈ ಸಲ ಎತ್ತಿದವಳು ಕೂಡಲೇ ಇಡಲಿಲ್ಲ. ಆ ಕಡೆ ಯಾರೋ ಗಾಜು ಒರೆಸಿಕೊಂಡು ಕೂತಿದ್ದಾರೆ ಎಂದು ಗೊತ್ತಾದ ಮೇಲೆ ಫಟ್ಟನೆ ಇಡುವುದು ಹೇಗೆ?

"ಏಣಿ ಬೇಡ ಮಗು," ಎಂದು ಸೀಟಿಗೆ ಹೇಳಿದೆ. "ಊಟ ಆಯ್ತಾ?"

ಸೀಟಿ ಒಂದು ಕ್ಷಣ ನಿಂತಂತಾಯಿತು. ಆಮೇಲೆ ಏನಾಯಿತೆಂದು ಬರೆಯುವಷ್ಟರಲ್ಲಿ ಮತ್ತೆ ಫೋನು.