ಬೀಗರ ತಟ್ಟೆಯ ಎಂಗೆಗೆ

ಉಸೆಂಗೆ ಊರಿನ ಒಬುಂಗಾ ಒಮ್ಮೆ ಕೆಮ್ಮಿದರೆ ಲೋಲ್ವೆಯ ಆಚೆ ದಡದ ಕೊಕ್ಕರೆಗಳು ಹಾರಿಹೋಗುತ್ತಿದ್ದವು. ಲೋಲ್ವೆ ಎಂದರೆ ನಕ್ಷೆ ಬರೆಯುವವರು ವಿಕ್ಟೋರಿಯಾ ಎಂದು ಕರೆದ ಸರೋವರ. ಅದರ ಅರ್ಧ ನೀರು ಒಬುಂಗಾನ ಅಜ್ಜನ ಬೆವರು. ಇದನ್ನು ಒಬುಂಗಾನೇ ಹೇಳಿದ್ದು, ಆದ್ದರಿಂದ ನಂಬಲೇಬೇಕು.

ಕಾನ್ಯಬೋಲಿ ಎಂಬ ಚಿಕ್ಕ ಕೆರೆಯ ಕಡೆಯಿಂದ ಒಗುಟು ತನ್ನ ಮಗನಿಗೆ ಹೆಣ್ಣು ಕೇಳಲು ಬಂದಾಗಲೂ ಒಬುಂಗಾ ಬಾಯಿ ಬಿಗಿಹಿಡಿಯಲಿಲ್ಲ.

"ಮುಂದಿನ ಸಲ ಹೆಣ್ಣಿನ ತೆರಕ್ಕೆ ಹಸು ಹೊಡ್ಕೊಂಡು ಬನ್ನಿ ಬೀಗರೇ. ಒಬ್ಬೊಬ್ಬರ ಮುಂದೂ ಒಂದೊಂದು ಇಡೀ ಎಂಗೆಗೆ ಮೀನು ಇಡ್ತೀನಿ. ಲೋಲ್ವೆದು! ನಿಮ್ಮ ಕೆಸರು ಗುಂಡೀದಲ್ಲ."

ಬೀಗರಿಗೆ ಬಡಿಸುವ ಮೀನು ಇಡಿಯಾಗಿರಬೇಕು, ತಲೆ ಅವರ ಕಡೆಗಿರಬೇಕು. ತುಂಡು ಇಟ್ಟರೆ ಸಂಬಂಧವೂ ತುಂಡು. ಒಬುಂಗಾನ ತೊಂದರೆ ಇಷ್ಟೇ: ಲೋಲ್ವೆಯಲ್ಲಿ ಎಂಗೆಗೆಯೇ ಉಳಿದಿರಲಿಲ್ಲ.

ಯಾವ ಕಾಲದಲ್ಲೋ ಯಾರೋ ಬೇರೆ ನೀರಿನ ಮ್ಬುಟಾ ಮೀನನ್ನು ತಂದು ಸರೋವರಕ್ಕೆ ಸುರಿದಿದ್ದರಂತೆ. ಅದು ಮೊದಲು ಚಿಲ್ಲರೆ ಮೀನುಗಳನ್ನು ನುಂಗಿತು, ಆಮೇಲೆ ಎಂಗೆಗೆಯನ್ನು, ಆಮೇಲೆ ತನ್ನ ಮರಿಗಳನ್ನೇ. ಒಬುಂಗಾ ಹಿಡಿದ ಒಂದು ಮ್ಬುಟಾದ ಹೊಟ್ಟೆಯಲ್ಲಿ ಸೈಕಲ್ ಇತ್ತು, ಚಕ್ರದ ಗಾಳಿ ಕೂಡ ಇಳಿದಿರಲಿಲ್ಲ. ಎಂಗೆಗೆಯನ್ನು ಬಿಸಿಲಿಗೆ ಹರವಿದರೆ ಒಣಗುತ್ತಿತ್ತು. ಈ ಕೊಬ್ಬಿನ ಮೀನು ಹರವಿದಲ್ಲೇ ಕರಗಿ ಹರಿಯುತ್ತದೆ, ಹೊಗೆಯನ್ನೇ ಹಾಕಬೇಕು. ಹೊಗೆಗೆ ಕಟ್ಟಿಗೆ ಕಡಿದೂ ಕಡಿದೂ ಉಸೆಂಗೆಯ ಗುಡ್ಡ ಬೋಳಾಗಿ, ಹದ್ದುಗಳು ಕೂರಲು ಕೊಂಬೆಯಿಲ್ಲದೆ ನಡೆದುಕೊಂಡು ಓಡಾಡುತ್ತಿದ್ದವು.

"ಮ್ಬುಟಾನೇ ಇಟ್ಬಿಡೋಣ" ಎಂದಳು ಹೆಂಡತಿ ಅಕೆಲ್ಲೊ.

"ಇಡೀ ಮ್ಬುಟಾನಾ? ತಲೆ ಬೀಗರ ಕಡೆ, ಬಾಲ ಪಕ್ಕದ ಮನೇಲಿ!"

"ಮರಿ ಇಡಿ, ಎಂಗೆಗೆ ಅನ್ನಿ."

"ಸಣ್ಣ ಮುಳ್ಳೇ ಇರಲ್ವಲ್ಲೇ ಅದರಲ್ಲಿ. ಮುಳ್ಳು ಉಗುಳದೆ ಯಾವ ಮುದುಕ ಎಂಗೆಗೆ ತಿಂದೆ ಅಂತಾನೆ?"

ಅಕೆಲ್ಲೊ ಒಲೆಯ ಬೂದಿ ಕೆದಕಿದಳು. "ಹಾಗಾದ್ರೆ ಕಾನ್ಯಬೋಲಿಗೆ ಹೋಗಿ. ಅಲ್ಲಿನ್ನೂ ಎಂಗೆಗೆ ಇವೆಯಂತೆ. ನಡುವೆ ಜೊಂಡು ಬೆಳೆದಿದೆಯಲ್ಲ, ಮ್ಬುಟಾ ಅದನ್ನ ದಾಟಿಲ್ಲ."

"ಬೀಗರ ಕೆರೆಗೆ? ನಾನು? ಮೀನಿಗೆ?"

"ಮತ್ತೆ ಬಾಯಿ ಬಿಡೋ ಮುಂಚೆ ನನ್ನ ಕೇಳಿದ್ರಾ?"

ಒಬುಂಗಾ ಟೋಪಿಯನ್ನು ಮೂಗಿನವರೆಗೆ ಎಳೆದುಕೊಂಡು ಹೋದ. ಹೊಗೆ ಹಾಕಿದ ಮ್ಬುಟಾ ತುಂಡುಗಳನ್ನು ಕಾನ್ಯಬೋಲಿಯ ಹೆಂಗಸರಿಗೆ ಕೊಟ್ಟು, ಬದಲಿಗೆ ಒಂದು ಬುಟ್ಟಿ ಎಂಗೆಗೆ ತಂದ. ದಾರಿಯಲ್ಲಿ ತನ್ನ ನೆರಳಿಗೂ ಹೆಸರು ಹೇಳಲಿಲ್ಲ.

ಬೀಗರು ಹಸುಗಳೊಂದಿಗೆ ಬಂದರು. ಅಂಗಳದಲ್ಲಿ ತಟ್ಟೆಗಳು ಸಾಲಾದವು: ಜೋಳದ ಹಿಟ್ಟಿನ ಬಿಸಿ ಮುದ್ದೆ, ಪಕ್ಕದಲ್ಲಿ ತಲೆ ಎತ್ತಿ ಮಲಗಿದ ಎಂಗೆಗೆ. ಒಗುಟು ಕೆನ್ನೆಯ ಭಾಗ ಕಿತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದ.

"ನೀರು ದೊಡ್ಡದಾದ್ರೆ ರುಚಿನೂ ದೊಡ್ಡದು ಬೀಗರೇ."

"ಇದು ಬರೀ ಚಿಕ್ಕದು" ಎಂದ ಒಬುಂಗಾ. "ದೊಡ್ಡವು ಬಾಗಿಲಲ್ಲಿ ಹಿಡಿಸಲಿಲ್ಲ."

ಎಲ್ಲರೂ ನಕ್ಕರು. ಒಗುಟು ಮುಳ್ಳು ಉಗುಳಿ ಹತ್ತಿರ ಸರಿದ.

"ಒಂದು ಮಾತು. ಯಾವನೋ ಟೋಪಿಯವನು ನಮ್ಮೂರಿಗೆ ಮ್ಬುಟಾ ತಂದಿದ್ದ. ಊರೆಲ್ಲ ಬೆರಳು ನೆಕ್ತಾ ಕೂತಿದೆ. ನಮಗೊಂದು ಮಡಕೆ ತುಂಬ ಜೀವಂತ ಮರಿ ಕೊಡಿ. ಕಾನ್ಯಬೋಲಿಗೆ ಬಿಡ್ತೀವಿ."

ಅಕೆಲ್ಲೊ ಬಡಿಸುತ್ತಿದ್ದ ಕೈ ನಿಂತಿತು.

"ದಾರೀಲಿ ಸಾಯ್ತವೆ" ಎಂದ ಒಬುಂಗಾ.

"ನೀರು ಬದಲಾಯಿಸ್ತಾ ಹೋಗ್ತೀವಿ."

"ಅದು... ಪಕ್ಕದ ಮೀನನ್ನ ಬದುಕೋಕೆ ಬಿಡಲ್ಲ ಬೀಗರೇ."

"ಬಿಡಿ ಬಿಡಿ! ಲೋಲ್ವೇಲಿ ಎರಡೂ ಇವೆಯಲ್ಲ. ಸಾಕ್ಷಿ ತಟ್ಟೇಲೇ ಮಲಗಿದೆ."

ಒಬುಂಗಾ ತಟ್ಟೆ ನೋಡಿದ. ಹೂಂ ಎಂದರೆ ಅವನ ಮಾತು ಉಳಿಯುತ್ತದೆ, ಮಗಳ ಮದುವೆಯೂ ಆಗುತ್ತದೆ, ವರ್ಷ ಕಳೆಯುವುದರೊಳಗೆ ಕಾನ್ಯಬೋಲಿಯೂ ಖಾಲಿ. ಬಾಯಲ್ಲಿದ್ದ ಮುದ್ದೆ ಬಂಡೆಯಷ್ಟಾಗಿ, ಅದು ಇಳಿದಾಗ ನೆಲ ನಡುಗಿತು.

"ತಟ್ಟೇಲಿರೋದು ನಿಮ್ಮದೇ ಕೆರೆ ಮೀನು" ಎಂದ.

"ಏನು?"

"ಆ ಟೋಪಿಯವನು ನಾನೇ. ನನ್ನ ಬಲೇಲಿ ಎಂಗೆಗೆ ಕಂಡು ವರ್ಷಗಳೇ ಆದ್ವು. ಎಲ್ಲ ಮ್ಬುಟಾ ಹೊಟ್ಟೆ ಸೇರಿವೆ."

ಒಗುಟು ಮೀನನ್ನು ಎತ್ತಿ ಮೂಸಿದ. "ಕೆಸರು ಗುಂಡಿ ಅಂದ್ರಿ."

"ಅಂದೆ."

ಬೀಗರೆಲ್ಲ ಎದ್ದು ಹಸುಗಳ ಬಳಿ ಹೋಗಿ ತಲೆಗೆ ತಲೆ ಕೊಟ್ಟು ಪಿಸುಗುಟ್ಟಿದರು. ಒಬ್ಬ ಹಗ್ಗಕ್ಕೆ ಕೈ ಹಾಕಿದ. ಒಳಗೆ ಗೋಡೆಗೆ ಒರಗಿದ್ದ ಮಗಳು ಅವಿನೊ ಉಸಿರಾಡುವುದನ್ನೇ ನಿಲ್ಲಿಸಿದಳು. ಊರಿನ ಗಾಳಿಯೂ ನಿಂತಿತು.

ಒಗುಟು ಒಬ್ಬನೇ ಹಿಂದಿರುಗಿ ತಟ್ಟೆಯ ಮುಂದೆ ಕೂತ. "ಹಸು ಇಲ್ಲೇ ಇರ್ಲಿ. ಹುಡುಗಿ ನಮ್ಮಲ್ಲಿಗೆ ಬರ್ಲಿ. ನೀವೂ ಬರ್ತಾ ಹೋಗ್ತಾ ಇರಿ. ಆದ್ರೆ ಬೀಗರೇ, ಬರುವಾಗ ಮಡಕೆ ತರಬೇಡಿ, ಬಾಟ್ಲಿ ತರಬೇಡಿ. ಬಾಯಲ್ಲಿ ಒಂದು ಗುಟುಕು ಲೋಲ್ವೆ ನೀರಿದ್ರೂ ಊರಾಚೆ ಉಗಿದು ಬನ್ನಿ."

ಒಬುಂಗಾ ತಲೆಯಾಡಿಸಿದ. ಸಂಜೆಯವರೆಗೂ ಅವನು ಏನನ್ನೂ ಕೊಚ್ಚಿಕೊಳ್ಳಲಿಲ್ಲ. ಜ್ವರ ಬಂದಿದೆಯೆಂದು ನೆರೆಯವರು ಹಣೆ ಮುಟ್ಟಿ ನೋಡಿ ಹೋದರು.